ಆಂಟಿವೈರಸ್ ಐತಿ, ಸರಿ. ಅಪ್‌ಡೇಟ್ ಯಾವಾಗ ಆತು?

ಹೋದ ತಿಂಗಳು ಒಂದು ಭಾನುವಾರ ಕೊಪ್ಪಳದಲ್ಲಿ ನಿವೃತ್ತ ನೌಕರರ ಬಳಗವೊಂದು ನನ್ನನ್ನು ಕರೆದಿತ್ತು. ಮನೆ ಕಂಪ್ಯೂಟರ್ ಕಾಪಾಡಿಕೊಳ್ಳುವುದು ಹೇಗೆ ಅಂತ ಒಂದು ತಾಸು ಮಾತಾಡಬೇಕು ಅಂದರು. ನಾನು ಭಾಷಣ ಮಾಡುವವನಲ್ಲ, ಕಂಪ್ಯೂಟರ್ ರಿಪೇರಿ ಮಾಡುವವನು. ಆದರೂ ಮರ್ಯಾದೆ ಇರಲಿ ಅಂತ ಇಪ್ಪತ್ತು ಸ್ಲೈಡ್ ಮಾಡಿಕೊಂಡು ಹೋದೆ. ಎರಡನೇ ಸ್ಲೈಡ್‌ಗೆ ಕರೆಂಟ್ ಹೋಯ್ತು. ಪ್ರೊಜೆಕ್ಟರ್ ಕಣ್ಣು ಮುಚ್ಚಿತು, ಫ್ಯಾನ್ ನಿಂತವು, ಮುಂದಿನ ಸಾಲಿನವರು ಕರಪತ್ರ ತಗೊಂಡು ಗಾಳಿ ಹಾಕಿಕೊಳ್ಳಲು ಶುರು ಮಾಡಿದರು. ಹಾಗಾಗಿ ಉಳಿದದ್ದೆಲ್ಲ ಬಾಯಲ್ಲೇ ಹೇಳಿದೆ. ಬಂದವರಲ್ಲಿ ಕೆಲವರು ಬರೆದು ಕೊಡಿ ಅಂದರು. ಇದು ಅದೇ ಮಾತು. ಅಲ್ಲಿ ಮರೆತದ್ದು ಒಂದೆರಡು ಸೇರಿಸಿದ್ದೇನೆ.

ಕೊಪ್ಪಳದ ಪಕ್ಕದ ಭಾಗ್ಯನಗರದ ಒಬ್ಬ ಮಾಸ್ತರ ಕಂಪ್ಯೂಟರ್‌ನಿಂದ ಶುರು ಮಾಡುತ್ತೇನೆ. ರಿಟೈರ್ ಆದವರು, ಮಗಳು ಬೆಂಗಳೂರಿನಲ್ಲಿ. ವಿಡಿಯೋ ಕಾಲ್, ಬ್ಯಾಂಕಿನ ಕೆಲಸ, ಪೆನ್ಷನ್ ಲೆಕ್ಕ, ಇಷ್ಟಕ್ಕೆ ಒಂದು ಹಳೇ ಡೆಸ್ಕ್‌ಟಾಪ್ ಇಟ್ಟುಕೊಂಡಿದ್ದಾರೆ. ಒಂದು ದಿನ ಫೋನ್ ಮಾಡಿದರು. "ರೊಕ್ಕ ಕೊಟ್ಟು ಆಂಟಿವೈರಸ್ ತಂದೀನಪ್ಪಾ, ಡಬ್ಬಿ ಇಲ್ಲೇ ಐತಿ. ಮತ್ಯಾಕ ದಿನಾ ಕೆಂಪು ತೋರಸ್ತೈತಿ?" ಹೋಗಿ ನೋಡಿದೆ. ಡಬ್ಬಿ ನಿಜವಾಗಲೂ ಇತ್ತು, ಟಿವಿ ಪಕ್ಕದಲ್ಲಿ, ಧೂಳು ಕೂರದಂತೆ ಪ್ಲಾಸ್ಟಿಕ್ ಕವರ್ ಹಾಕಿ ಇಟ್ಟಿದ್ದರು. ಆಂಟಿವೈರಸ್ ಇನ್‌ಸ್ಟಾಲ್ ಆಗಿತ್ತು. ಲೈಸೆನ್ಸ್ ಇನ್ನೂ ನಾಲ್ಕು ತಿಂಗಳು ಇತ್ತು. ಇಂಟರ್ನೆಟ್ ಬರುತ್ತಿತ್ತು. ಆದರೆ ಅಪ್‌ಡೇಟ್ ಒತ್ತಿದರೆ ಎರಡು ಸೆಕೆಂಡ್ ತಿರುಗಿ, ಆಗಲಿಲ್ಲ ಅಂತ ಹೇಳಿ ನಿಲ್ಲುತ್ತಿತ್ತು.

ಅರ್ಧ ತಾಸು ಎಲ್ಲೆಲ್ಲೋ ಹುಡುಕಿದೆ. ಕೊನೆಗೆ ಕಣ್ಣು ಪರದೆಯ ಬಲಗಡೆ ಮೂಲೆಗೆ ಹೋಯ್ತು. ಅಲ್ಲಿ ತಾರೀಖು 2009ರ ಜನವರಿ 1.

"ಮಾಸ್ತರ, ಇದೇನ್ರಿ?" ಅಂದೆ. "ಅದಾ? ಅದು ಮೊದಲಿಂದನೂ ಹಂಗ ಐತಿ ಬಿಡಪ್ಪಾ. ಬ್ಯಾಂಕಿಂದು ನೋಡೂಮುಂದ ಸರಿ ಮಾಡ್ಕೊಂತೀನಿ, ಬಂದ್ ಮಾಡಿ ಹಚ್ಚಿದ್ರ ಮತ್ತ ಹಿಂದಕ್ಕ ಹೋಗತೈತಿ."

ಕ್ಯಾಬಿನೆಟ್ ಬಿಚ್ಚಿದೆ. ಮದರ್‌ಬೋರ್ಡ್ ಮೇಲೆ ರೂಪಾಯಿ ನಾಣ್ಯದಂಥ ಒಂದು ಸೆಲ್ ಇರುತ್ತದೆ, ನೋಡಿರಬಹುದು. ಸಿಆರ್ 2032 ಅಂತ ಅದರ ಮೇಲೆ ಬರೆದಿರುತ್ತದೆ. 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ, ಆ ನಂಬರ್‌ನ ಅರ್ಥ ಅಷ್ಟೇ. ಕಂಪ್ಯೂಟರ್ ಬಂದ್ ಇದ್ದಾಗಲೂ ಒಳಗಿನ ಗಡಿಯಾರ ನಡೆಸುವುದು ಇದೇ. ಅದು ಸತ್ತರೆ, ಪ್ಲಗ್ ತೆಗೆದಾಗೆಲ್ಲ ಗಡಿಯಾರ ಹುಟ್ಟಿದ ದಿನಕ್ಕೆ ವಾಪಸ್ ಹೋಗುತ್ತದೆ. ನಮ್ಮ ಕಡೆ ಕರೆಂಟ್ ಹೋಗಿ ಬರುವುದು ಗೊತ್ತೇ ಇದೆ, ಮೇಲೆ ಮಾಸ್ತರು ಪ್ರತಿ ರಾತ್ರಿ ಪ್ಲಗ್ ಕಿತ್ತು ಮಲಗುವ ಶಿಸ್ತಿನವರು.

ಗಡಿಯಾರಕ್ಕೂ ಆಂಟಿವೈರಸ್‌ಗೂ ಏನು ಸಂಬಂಧ ಅಂತ ಸಭೆಯಲ್ಲೂ ಒಬ್ಬರು ಕೇಳಿದರು. ಸಂಬಂಧ ಇದೆ. ಅಪ್‌ಡೇಟ್ ಕಳಿಸುವ ಸರ್ವರ್ ತಾನು ಅಸಲಿ ಅಂತ ತೋರಿಸಲು ಒಂದು ಸರ್ಟಿಫಿಕೇಟ್ ಕೊಡುತ್ತದೆ. ಅದರಲ್ಲಿ ಇಂಥ ದಿನದಿಂದ ಇಂಥ ದಿನದವರೆಗೆ ನಡೆಯುತ್ತದೆ ಅಂತ ಇರುತ್ತದೆ. ನಿಮ್ಮ ಕಂಪ್ಯೂಟರ್ ಇನ್ನೂ 2009ರಲ್ಲೇ ಕೂತಿದ್ದರೆ, ಈ ಸರ್ಟಿಫಿಕೇಟ್ ಇನ್ನೂ ಶುರುವೇ ಆಗಿಲ್ಲವಲ್ಲ, ಇವನ್ಯಾರೋ ಮೋಸಗಾರ ಅಂದುಕೊಂಡು ಬಾಗಿಲು ಹಾಕಿಬಿಡುತ್ತದೆ. ಅದರ ತಪ್ಪೇನೂ ಇಲ್ಲ. ಬ್ರೌಸರ್‌ನಲ್ಲೂ ಇದೇ ಕಾರಣಕ್ಕೆ ಎಲ್ಲ ವೆಬ್‌ಸೈಟೂ "ಸುರಕ್ಷಿತವಲ್ಲ" ಅಂತ ಬರುತ್ತದೆ. ಮಾಸ್ತರು ಬ್ಯಾಂಕಿನ ವೆಬ್‌ಸೈಟ್ ತೆಗೆಯುವಾಗ ಮಾತ್ರ ತಾರೀಖು ಸರಿ ಮಾಡುವುದನ್ನು ಹೇಗೋ ಕಲಿತಿದ್ದರು. ಆದರೆ ಆಂಟಿವೈರಸ್ ತನ್ನ ಅಪ್‌ಡೇಟ್ ಕೇಳುವುದು ಬೆಳಿಗ್ಗೆ ಕಂಪ್ಯೂಟರ್ ಹಚ್ಚಿದ ಕೂಡಲೇ. ಆಗೆಲ್ಲ ತಾರೀಖು ತಪ್ಪೇ. ಎಂಟು ತಿಂಗಳಿಂದ ಒಂದು ಹೊಸ ಅಪ್‌ಡೇಟೂ ಒಳಗೆ ಬಂದಿರಲಿಲ್ಲ.

50 ರೂಪಾಯಿ ಒಳಗಿನ ಸೆಲ್. ಹಾಕಿ, ತಾರೀಖು ಸರಿ ಮಾಡಿ, ಅಪ್‌ಡೇಟ್ ಒತ್ತಿದೆ. ಬಂತು.

ಈ ಕತೆಯಲ್ಲಿ ನಾನು ಹೇಳಬೇಕಾದದ್ದೆಲ್ಲ ಇದೆ. ಯಾರ ಮನೆಗೆ ಹೋದರೂ "ಆಂಟಿವೈರಸ್ ಇದೆಯಾ" ಅಂತ ಕೇಳಿದರೆ "ಐತ್ರಿ" ಅನ್ನುತ್ತಾರೆ. ಅದು ಸುಳ್ಳಲ್ಲ. ಫ್ರಿಜ್ ಇದೆಯಾ, ಮಿಕ್ಸಿ ಇದೆಯಾ ಅಂತ ಕೇಳಿದ ಹಾಗೆ ಕೇಳಿದರೆ ಹಾಗೇ ಉತ್ತರ ಬರುತ್ತದೆ. ಕೇಳಬೇಕಾದದ್ದು, ಕೊನೆಯ ಸಲ ಅಪ್‌ಡೇಟ್ ಆದದ್ದು ಯಾವಾಗ ಅಂತ. ಹಾಲಿನ ಪ್ಯಾಕೆಟ್ ಮೇಲಿನ ತಾರೀಖು ನೋಡುತ್ತೀರಿ ಅಲ್ವಾ, ಹಾಗೆ.

ಯಾಕೆ ಅಂತ ತಿಳಿಯಬೇಕಾದರೆ ಅದು ಒಳಗೆ ಏನು ಮಾಡುತ್ತದೆ ಅಂತ ಸ್ವಲ್ಪ ಗೊತ್ತಿರಬೇಕು. ಗಂಗಾವತಿ ಕಡೆ ರೈಸ್ ಮಿಲ್ ನೋಡಿದವರು ಸಭೆಯಲ್ಲಿ ತುಂಬ ಜನ ಇದ್ದರು. ಮಿಲ್‌ನಲ್ಲಿ ಸಾರ್ಟೆಕ್ಸ್ ಮಷಿನ್ ಇರುತ್ತದೆ. ಅಕ್ಕಿ ಮೇಲಿಂದ ಸುರಿಯುತ್ತಾ ಬರುತ್ತದೆ, ಕ್ಯಾಮೆರಾ ಒಂದೊಂದು ಕಾಳನ್ನೂ ನೋಡುತ್ತದೆ, ಕಪ್ಪು ಕಾಳು, ಕಲ್ಲು ಕಂಡರೆ ಗಾಳಿ ಬಿಟ್ಟು ಪಕ್ಕಕ್ಕೆ ಹಾರಿಸುತ್ತದೆ. ಆದರೆ ಕೆಟ್ಟ ಕಾಳು ಹೇಗಿರುತ್ತದೆ ಅಂತ ಅದಕ್ಕೆ ಮೊದಲೇ ಹೇಳಿಕೊಟ್ಟಿರಬೇಕು. ಸೋನಾ ಮಸೂರಿಗೆ ಇಟ್ಟ ಸೆಟ್ಟಿಂಗ್‌ನಲ್ಲೇ ಬೇರೆ ತಳಿ ಸುರಿದರೆ ಒಳ್ಳೇ ಕಾಳು ಹಾರುತ್ತದೆ, ಕೆಟ್ಟದ್ದು ಚೀಲಕ್ಕೆ ಬೀಳುತ್ತದೆ. ಆಂಟಿವೈರಸ್‌ನ ಒಂದು ಭಾಗ ಹೀಗೇ ಕೆಲಸ ಮಾಡುತ್ತದೆ. ಕೆಟ್ಟ ಫೈಲ್‌ಗಳ ಗುರುತಿನ ಪಟ್ಟಿ ಇಟ್ಟುಕೊಂಡು, ಬರುವ ಫೈಲನ್ನು ಅದಕ್ಕೆ ಹಚ್ಚಿ ನೋಡುತ್ತದೆ. ಪಟ್ಟಿಯಲ್ಲಿ ಇಲ್ಲದ್ದು ಅದಕ್ಕೆ ಗೊತ್ತಾಗುವುದಿಲ್ಲ.

ಮೊದಲು ಈ ಪಟ್ಟಿ ಚಿಕ್ಕದಿತ್ತು. ಪಿಸಿಗಳಲ್ಲಿ ಹರಡಿದ ಮೊದಲ ವೈರಸ್ ಅಂತ ಹೇಳುವ ಬ್ರೈನ್, 1986ರದ್ದು. ಲಾಹೋರಿನ ಇಬ್ಬರು ಅಣ್ಣತಮ್ಮಂದಿರು ಬರೆದದ್ದು. ಅದರೊಳಗೆ ತಮ್ಮ ಹೆಸರು, ಅಂಗಡಿ ವಿಳಾಸ, ಫೋನ್ ನಂಬರ್ ಎಲ್ಲ ಹಾಕಿದ್ದರು! ಫ್ಲಾಪಿಯಿಂದ ಫ್ಲಾಪಿಗೆ ನಿಧಾನಕ್ಕೆ ನಡೆದುಕೊಂಡು ಹೋಗುತ್ತಿತ್ತು. ಈಗ ಜರ್ಮನಿಯ ಎವಿ-ಟೆಸ್ಟ್ ಸಂಸ್ಥೆ ದಿನಕ್ಕೆ 4.5 ಲಕ್ಷಕ್ಕೂ ಜಾಸ್ತಿ ಹೊಸ ಕೆಟ್ಟ ಪ್ರೋಗ್ರಾಂಗಳನ್ನು ದಾಖಲು ಮಾಡುತ್ತೇವೆ ಅನ್ನುತ್ತದೆ. ಬಹಳಷ್ಟು ಹಳೆಯದಕ್ಕೇ ಅಂಗಿ ಬದಲಿಸಿದ್ದು ಅನ್ನಿ. ಆದರೂ ಎಂಟು ತಿಂಗಳ ಹಳೇ ಪಟ್ಟಿ ಹಿಡಿದುಕೊಂಡು ಕೂತರೆ ಏನು ಹಿಡಿಯಲು ಆಗುತ್ತದೆ, ನೀವೇ ಲೆಕ್ಕ ಹಾಕಿ.

ಪಟ್ಟಿ ಒಂದೇ ಅಲ್ಲ, ನಡವಳಿಕೆಯನ್ನೂ ಈಗಿನವು ನೋಡುತ್ತವೆ. ಒಂದು ಪ್ರೋಗ್ರಾಂ ಇದ್ದಕ್ಕಿದ್ದಂತೆ ನಿಮ್ಮ ಫೋಟೊ, ವರ್ಡ್ ಫೈಲ್ ಎಲ್ಲ ಒಂದರ ಹಿಂದೆ ಒಂದು ತೆಗೆದು ಬದಲಿಸಲು ಶುರು ಮಾಡಿದರೆ, ಹೆಸರು ಗೊತ್ತಿರದಿದ್ದರೂ ಕುತ್ತಿಗೆ ಹಿಡಿಯುತ್ತವೆ. ಅನುಮಾನ ಬಂದದ್ದನ್ನು ಕಂಪನಿಯ ಸರ್ವರ್‌ಗೆ ಕೇಳಿಯೂ ನೋಡುತ್ತವೆ. ಅದಕ್ಕೂ ಇಂಟರ್ನೆಟ್ ಬೇಕು, ಅದಕ್ಕೂ ಅಪ್‌ಡೇಟ್ ಬೇಕು.

ನಿಮ್ಮದು ಕೆಲಸ ಮಾಡುತ್ತಿದೆಯಾ ಅಂತ ನೋಡಲು ಐಕಾರ್ ಅಂತ ಒಂದು ಟೆಸ್ಟ್ ಫೈಲ್ ಇದೆ. ಬರೀ 68 ಅಕ್ಷರ. ಏನೂ ಹಾನಿ ಮಾಡುವುದಿಲ್ಲ, ಆದರೆ ಎಲ್ಲ ಆಂಟಿವೈರಸ್‌ಗಳೂ ಅದನ್ನು ಕಂಡರೆ ಕೂಗಬೇಕು ಅಂತ ಒಪ್ಪಂದ ಮಾಡಿಕೊಂಡಿವೆ. ಕರೆಂಟ್ ಇದ್ದಿದ್ದರೆ ತೋರಿಸುತ್ತಿದ್ದೆ. ನನ್ನ ಒಳ್ಳೇ ಸ್ಲೈಡ್ ಅದೇ ಆಗಿತ್ತು.

ಇನ್ನೊಂದು ವಿಷಯದಲ್ಲಿ ಜನ ಜಾಸ್ತಿ ಗೊಂದಲ ಮಾಡಿಕೊಳ್ಳುತ್ತಾರೆ. ಆಂಟಿವೈರಸ್ ಅಪ್‌ಡೇಟ್ ಬೇರೆ, ವಿಂಡೋಸ್ ಅಪ್‌ಡೇಟ್ ಬೇರೆ. ಇದನ್ನು ಹೇಳುವಾಗ ನಾನು ಡ್ಯಾಂ ಮಾತು ತೆಗೆದೆ. ನಮ್ಮ ತುಂಗಭದ್ರಾ ಡ್ಯಾಂ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಕೊಂಡು ಹೋಯ್ತು. ಆ ವಾರ ಈ ಕಡೆಯ ರೈತರು ಯಾರೂ ಸರಿಯಾಗಿ ನಿದ್ದೆ ಮಾಡಲಿಲ್ಲ. 33 ಗೇಟ್ ಇವೆ. 32 ಗಟ್ಟಿ ಇದ್ದವು, ಹೋದದ್ದು ಒಂದು. ಡ್ಯಾಂ ಮೇಲೆ ಕಾವಲುಗಾರ ಇರಲಿಲ್ಲ ಅಂತಲ್ಲ. ಕಾವಲುಗಾರ ಯಾರು ಬರುತ್ತಾರೆ ಹೋಗುತ್ತಾರೆ ನೋಡುತ್ತಾನೆ, ಸವೆದ ಚೈನ್ ಬದಲಿಸುವುದು ಅವನ ಕೆಲಸವಲ್ಲ. ಆಂಟಿವೈರಸ್ ಕಾವಲುಗಾರ. ವಿಂಡೋಸ್ ಅಪ್‌ಡೇಟ್ ಅಂದರೆ ಚೈನ್ ರಿಪೇರಿ.

ಚೈನ್ ರಿಪೇರಿ ಮಾಡದಿದ್ದರೆ ಏನಾಗುತ್ತದೆ ಅಂತ 2017ರಲ್ಲಿ ಲೋಕವೆಲ್ಲ ನೋಡಿತು. ವಿಂಡೋಸ್‌ನಲ್ಲಿ ಒಂದು ತೂತು ಇತ್ತು. ಮೈಕ್ರೋಸಾಫ್ಟ್ ಮಾರ್ಚ್ 14ಕ್ಕೆ ಅದಕ್ಕೆ ತೇಪೆ ಕಳಿಸಿತು. ಮೇ 12ಕ್ಕೆ ಆ ತೂತಿನಿಂದ ನುಗ್ಗಿ ಫೈಲ್ ಲಾಕ್ ಮಾಡುವ ವಾನಾಕ್ರೈ ವೈರಸ್ ಬಂತು. ಅಂದರೆ ಸುಮಾರು ಎರಡು ತಿಂಗಳು ಟೈಮ್ ಇತ್ತು! ಆ ಎರಡು ತಿಂಗಳು "ರಿಮೈಂಡ್ ಮಿ ಲೇಟರ್" ಒತ್ತಿದವರ ಕಂಪ್ಯೂಟರ್‌ಗಳು ಯಾರೂ ಏನೂ ಕ್ಲಿಕ್ ಮಾಡದೆಯೇ, ಒಂದರಿಂದ ಒಂದಕ್ಕೆ ಲಾಕ್ ಆಗುತ್ತಾ ಹೋದವು. 150 ದೇಶ, 2 ಲಕ್ಷಕ್ಕೂ ಜಾಸ್ತಿ ಕಂಪ್ಯೂಟರ್, ಬ್ರಿಟನ್‌ನ ಸರ್ಕಾರಿ ಆಸ್ಪತ್ರೆಗಳಲ್ಲಿ ಆಪರೇಷನ್ ಮುಂದಕ್ಕೆ ಹಾಕಬೇಕಾಯ್ತು. ಬಿಡಿಸಲು 300 ಡಾಲರ್ ಕೇಳುತ್ತಿತ್ತು. 2014ರಲ್ಲೇ ಕೈಬಿಟ್ಟಿದ್ದ ಹಳೇ ವಿಂಡೋಸ್ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಆಗ ತುರ್ತಾಗಿ ಒಂದು ತೇಪೆ ಕೊಟ್ಟಿತು. ಡ್ಯಾಂನಲ್ಲಿ ನೀರು ಹರಿಯುತ್ತಿರುವಾಗಲೇ ಸ್ಟಾಪ್ ಲಾಗ್ ಅಂತ ತಾತ್ಕಾಲಿಕ ಗೇಟು ಇಳಿಸಿದರಲ್ಲ, ಆ ಥರ. ಪ್ರತಿ ಸಲ ಹಾಗೆ ಯಾರೋ ಬಂದು ಇಳಿಸುತ್ತಾರೆ ಅಂತ ಕೂರಲು ಆಗುವುದಿಲ್ಲ.

ಈಗ ನಿಮ್ಮಲ್ಲಿ ಅರ್ಧ ಜನರ ಮನೆಯಲ್ಲಿ ಇರುವ ವಿಂಡೋಸ್ 10ಕ್ಕೆ ಬರೋಣ. 2025ರ ಅಕ್ಟೋಬರ್ 14ಕ್ಕೆ ಅದರ ರಿಪೇರಿ ಕೆಲಸ ಅಧಿಕೃತವಾಗಿ ನಿಂತಿದೆ. ಮನೆ ಬಳಕೆಯವರಿಗೆ ಇನ್ನೊಂದು ವರ್ಷ, 2026ರ ಅಕ್ಟೋಬರ್ 13ರವರೆಗೆ, ಹೆಸರು ನೋಂದಾಯಿಸಿಕೊಂಡರೆ ಸೆಕ್ಯುರಿಟಿ ತೇಪೆ ಕೊಡುತ್ತೇವೆ ಅಂದಿದ್ದಾರೆ. ವಿಂಡೋಸ್ ಅಪ್‌ಡೇಟ್ ಪೇಜಿನಲ್ಲೇ ಸೇರಿಕೊಳ್ಳುವ ಬಟನ್ ಇದೆ. ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಇಟ್ಟರೆ ದುಡ್ಡು ಕೇಳುವುದಿಲ್ಲ. ಇಲ್ಲಿ ಒಂದು ಮೋಸ ಹೋಗುವ ಜಾಗ ಇದೆ. ವಿಂಡೋಸ್ 10ರ ಜೊತೆಗೇ ಬರುವ ಆಂಟಿವೈರಸ್ ಡಿಫೆಂಡರ್, ಅದರ ಪಟ್ಟಿ ಮಾತ್ರ 2028ರ ಅಕ್ಟೋಬರ್‌ವರೆಗೆ ಬರುತ್ತಲೇ ಇರುತ್ತದೆ. ಹಸಿರು ಟಿಕ್ ಕಾಣುತ್ತದೆ, ಎಲ್ಲ ಸರಿ ಇದೆ ಅನ್ನಿಸುತ್ತದೆ. ಕಾವಲುಗಾರ ಹೊಸ ಯೂನಿಫಾರ್ಮ್‌ನಲ್ಲಿ ನಿಂತಿದ್ದಾನೆ, ಚೈನ್ ಮಾತ್ರ ಸವೆಯುತ್ತಿದೆ.

ವಿಂಡೋಸ್ 11ಕ್ಕೆ ಹೋಗಬೇಕಾದರೆ ಟಿಪಿಎಂ 2.0 ಅನ್ನುವ ಸೆಕ್ಯುರಿಟಿ ಚಿಪ್ ಬೇಕು, ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರಿನ ಪ್ರೊಸೆಸರ್ ಅಥವಾ ಅದಕ್ಕಿಂತ ಹೊಸದು ಬೇಕು. ಇಲ್ಲದಿದ್ದರೆ ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿಕೊಳ್ಳಿ. ಬ್ರೌಸರ್, ಯೂಟ್ಯೂಬ್, ಟೈಪಿಂಗ್ ಇಷ್ಟೇ ಕೆಲಸ ಇರುವವರಿಗೆ ಅದು ಧಾರಾಳ ಸಾಕು. ಕಾರ್ಡು, ಕರಪತ್ರ ಮಾಡುವ ಡಿಟಿಪಿಯವರಿಗೆ ಆಗುವುದಿಲ್ಲ, ಗೊತ್ತು.

ಡಿಟಿಪಿ ಅಂದಕೂಡಲೇ ನನ್ನ ತಪ್ಪು ಒಂದು ಹೇಳಲೇಬೇಕು. ಸಭೆಯಲ್ಲಿ ಡಿಟಿಪಿ ಅಂಗಡಿಯ ನನ್ನ ಗೆಳೆಯನೂ ಕೂತಿದ್ದ, ನನ್ನನ್ನೇ ನೋಡುತ್ತಿದ್ದ.

ಕೆಲವು ವರ್ಷದ ಹಿಂದಿನ ಮಾತು. ಗವಿಮಠದ ಜಾತ್ರೆ ಹತ್ತಿರ ಬಂದಿತ್ತು. ಜಾತ್ರೆ ಮುಂದೆ ಡಿಟಿಪಿ ಅಂಗಡಿಗಳಲ್ಲಿ ಕೂರಲು ಜಾಗ ಇರುವುದಿಲ್ಲ. ಕರಪತ್ರ, ಬ್ಯಾನರ್, ಅದರ ಬೆನ್ನಿಗೇ ಮದುವೆ ಕಾರ್ಡು. ಗೆಳೆಯನ ಕಂಪ್ಯೂಟರ್‌ಗೆ ಒಂದು ಡಿಸೈನ್ ಸಾಫ್ಟ್‌ವೇರ್ ಬೇಕಿತ್ತು. ಅಸಲಿ ತಗೊಳ್ಳಲು ದುಡ್ಡಿಲ್ಲ. ನಾನೇ ಎಲ್ಲಿಂದಲೋ ಕ್ರ್ಯಾಕ್, ಅಂದರೆ ಬೀಗ ಮುರಿದ ಕಳ್ಳ ಕಾಪಿ, ಇಳಿಸಿದೆ. ಅದರ ಜೊತೆ ಬಂದ ಸೂಚನೆಯಲ್ಲಿ ಮೊದಲನೇ ಸಾಲು, "ಮೊದಲು ಆಂಟಿವೈರಸ್ ಆಫ್ ಮಾಡಿ". ಆಫ್ ಮಾಡುವ ಮೊದಲೇ ಅದು ಮೂರು ಸಲ ಕೂಗಿತು. "ಕ್ರ್ಯಾಕ್ ಅಲ್ವಾ, ಸುಮ್ನೆ ಕೂಗ್ತದೆ ಬಿಡು" ಅಂತ ನಾನೇ ಹೇಳಿ, ಅಲೌ ಒತ್ತಿ, ಚಹಾ ಕುಡಿಯಲು ಹೋದೆವು.

ವಾಪಸ್ ಬಂದಾಗ ಪರದೆ ಮೇಲಿನ ಫೈಲ್‌ಗಳ ಹೆಸರಿನ ಬಾಲಕ್ಕೆ ಅರ್ಥವಿಲ್ಲದ ನಾಲ್ಕು ಅಕ್ಷರ ಅಂಟಿಕೊಂಡಿದ್ದವು. ಒಂದೂ ತೆರೆಯುತ್ತಿಲ್ಲ. ಪ್ರತಿ ಫೋಲ್ಡರ್‌ನಲ್ಲೂ ಒಂದು ರೀಡ್‌ಮಿ ಫೈಲ್. 980 ಡಾಲರ್ ಕೊಡಿ, 72 ತಾಸಿನೊಳಗೆ ಕೊಟ್ಟರೆ ಅರ್ಧ, 490 ಡಾಲರ್. ರಿಯಾಯಿತಿ ಬೇರೆ! ಇದು ಸ್ಟಾಪ್ ಅಥವಾ ಜೆವು ಅಂತ ಹೆಸರಿರುವ, ಫೈಲ್ ಲಾಕ್ ಮಾಡಿ ಬಿಡಿಸಲು ದುಡ್ಡು ಕೇಳುವ ರ‍್ಯಾನ್ಸಮ್‌ವೇರ್. ದೊಡ್ಡ ಕಂಪನಿಗಳ ಹಿಂದೆ ಇದು ಹೋಗುವುದಿಲ್ಲ. ಕ್ರ್ಯಾಕ್ ಹುಡುಕುವ ನಮ್ಮಂಥವರಿಗೆ ಅಂತಲೇ ಗಾಳ ಹಾಕಿ ಕೂತಿರುತ್ತದೆ. ಗೆಳೆಯ ಏನೂ ಬೈಯಲಿಲ್ಲ. "ಹತ್ತು ವರ್ಷದ ಮದುವಿ ಕಾರ್ಡ್ ಇದ್ದವಲ್ಲೋ" ಅಂತ ಮಾತ್ರ ಅಂದ. ಅದು ಬೈಗುಳಕ್ಕಿಂತ ಜಾಸ್ತಿ ಆಯ್ತು. ಗಿರಾಕಿಗಳಿಗೆ ಕೊಟ್ಟಿದ್ದ ಪ್ರೂಫ್ ಪ್ರಿಂಟ್ ವಾಪಸ್ ತರಿಸಿ, ಅಂಗಡಿಯ ಹುಡುಗ ಎರಡು ರಾತ್ರಿ ಕೂತು ನುಡಿ ಅನ್ನುವ ಕನ್ನಡ ಟೈಪಿಂಗ್ ಪ್ರೋಗ್ರಾಂನಲ್ಲಿ ಮತ್ತೆ ಟೈಪ್ ಮಾಡಿದ. ಹಳೆಯವು ಹೋದವು, ಹೋದವೇ.

ದುಡ್ಡು ಕೊಡಲಿಲ್ಲ. ಕೊಟ್ಟರೂ ಫೈಲ್ ಸಿಗುತ್ತದೆ ಅಂತ ಗ್ಯಾರಂಟಿ ಇಲ್ಲ. ಹೀಗಾದವರು ಲಾಕ್ ಆದ ಫೈಲ್‌ಗಳನ್ನು ಅಳಿಸಬೇಡಿ, ಒಂದು ಹಾರ್ಡ್‌ಡಿಸ್ಕ್‌ಗೆ ತೆಗೆದಿಡಿ. ಡಚ್ ಪೊಲೀಸರು, ಯೂರೋಪಿನ ಪೊಲೀಸ್ ಸಂಸ್ಥೆ ಯೂರೋಪೋಲ್ ಮತ್ತು ಎರಡು ಆಂಟಿವೈರಸ್ ಕಂಪನಿಗಳು ಸೇರಿ 2016ರಲ್ಲಿ ನೋ ಮೋರ್ ರ‍್ಯಾನ್ಸಮ್ ಅಂತ ಒಂದು ವೆಬ್‌ಸೈಟ್ ಶುರು ಮಾಡಿದ್ದಾರೆ. ಕೆಲವು ಬಗೆಯ ಬೀಗಗಳಿಗೆ ಅಲ್ಲಿ ಪುಕ್ಕಟೆ ಬೀಗದಕೈ ಸಿಗುತ್ತದೆ. ಇವತ್ತು ಇಲ್ಲದ್ದು ನಾಳೆ ಬರಬಹುದು.

ಆ ಕಂಪ್ಯೂಟರ್ ತೊಳೆದು ಹೊಸದಾಗಿ ಹಾಕುವ ಮೊದಲು ಡಿಫೆಂಡರ್‌ನಲ್ಲಿ ಎಕ್ಸ್‌ಕ್ಲೂಷನ್ಸ್ ಅನ್ನುವ ಜಾಗ ನೋಡಿದೆ. ಇದನ್ನು ದಯವಿಟ್ಟು ನೀವೂ ನೋಡಿ. ವಿಂಡೋಸ್ ಸೆಕ್ಯುರಿಟಿ, ಅದರಲ್ಲಿ ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್, ಅದರ ಸೆಟ್ಟಿಂಗ್ಸ್, ಕೆಳಗೆ ಹೋದರೆ ಎಕ್ಸ್‌ಕ್ಲೂಷನ್ಸ್. "ಈ ಜಾಗ ನೋಡಬೇಡ" ಅಂತ ಆಂಟಿವೈರಸ್‌ಗೆ ಹೇಳುವ ಪಟ್ಟಿ ಅದು. ಮಾಮೂಲಿ ಮನೆ ಕಂಪ್ಯೂಟರ್‌ನಲ್ಲಿ ಖಾಲಿ ಇರಬೇಕು. ಅಲ್ಲಿ ಸಿ ಡ್ರೈವ್ ಅಂತಲೇ ಬರೆದಿತ್ತು. ಪೂರ್ತಿ ಸಿ ಡ್ರೈವ್! ಕಾವಲುಗಾರನನ್ನು ಕೆಲಸದಿಂದ ತೆಗೆದಿರಲಿಲ್ಲ, ಗೋಡೆ ಕಡೆ ಮುಖ ಮಾಡಿ ಕೂರಿಸಿದ್ದರು. ಕ್ರ್ಯಾಕ್ ವಿಂಡೋಸ್ ಹಾಕಿಸಿಕೊಂಡವರ ಕಂಪ್ಯೂಟರ್‌ನಲ್ಲಿ ಇದನ್ನು ಆಮೇಲೂ ಎಷ್ಟೋ ಸಲ ಕಂಡಿದ್ದೇನೆ.

ಯಾವ ಆಂಟಿವೈರಸ್ ತಗೊಳ್ಳೋದು ಅಂತ ಎಲ್ಲರೂ ಕೇಳುತ್ತಾರೆ. ನನ್ನ ಅಭಿಪ್ರಾಯ ಹೇಳುತ್ತೇನೆ, ಒಪ್ಪದವರು ಇರಬಹುದು. ಮನೆ ಬಳಕೆಗೆ ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಸಾಕು. 2012ರ ವಿಂಡೋಸ್ 8ರಿಂದ ಅದು ಪೂರ್ತಿ ಆಂಟಿವೈರಸ್ ಆಗಿಯೇ ಒಳಗಿದೆ, ಮೊದಲಿನ ಹಾಗೆ ಅರ್ಧಂಬರ್ಧ ಅಲ್ಲ. ಪುಣೆಯ ಕ್ವಿಕ್ ಹೀಲ್, ಚೆನ್ನೈನ ಕೆ7 ಇಂಥವು ನಮ್ಮ ದೇಶದವೇ ಇವೆ. ಫೋನ್ ಮಾಡಿದರೆ ಯಾರಾದರೂ ಸಿಗಬೇಕು ಅನ್ನುವವರು ತಗೊಳ್ಳಿ, ತಪ್ಪೇನಿಲ್ಲ. ಆದರೆ ಎರಡೆರಡು ಹಾಕಬೇಡಿ. ಒಂದು ಒರೆಯಲ್ಲಿ ಎರಡು ಕತ್ತಿ ಇರುವುದಿಲ್ಲ. ನೀವು ಒಂದು ಫೈಲ್ ತೆರೆದರೆ ಎರಡೂ ಅದನ್ನೇ ಹಿಡಿದು ಎಳೆದಾಡುತ್ತವೆ, ಕಂಪ್ಯೂಟರ್ ಎತ್ತಿನ ಗಾಡಿ ಆಗುತ್ತದೆ. ಬೇರೆಯದು ಹಾಕಿದರೆ ಡಿಫೆಂಡರ್ ತಾನೇ ಹಿಂದೆ ಸರಿಯುತ್ತದೆ. ಆ ಬೇರೆಯದರ ವರ್ಷ ಮುಗಿಯಿತು, ಮುಂದುವರಿಸುವ ಮನಸ್ಸಿಲ್ಲ ಅಂದರೆ ಅದನ್ನು ಪೂರ್ತಿ ಅನ್‌ಇನ್‌ಸ್ಟಾಲ್ ಮಾಡಿ. ಆಗ ಡಿಫೆಂಡರ್ ಮತ್ತೆ ಎದ್ದು ಕೂರುತ್ತದೆ. ಎಷ್ಟೋ ಮನೆಯಲ್ಲಿ ಸತ್ತ ಆಂಟಿವೈರಸ್ ಹಾಗೇ ಬಿದ್ದಿರುತ್ತದೆ, ಪ್ರತಿ ದಿನ "ರಿನ್ಯೂ ಮಾಡಿ" ಅಂತ ಒಂದು ಕಿಟಕಿ ತೆಗೆಯುವುದು ಬಿಟ್ಟರೆ ಬೇರೆ ಕೆಲಸ ಇಲ್ಲ.

ಫೋನಿನ ಹಾಟ್‌ಸ್ಪಾಟ್‌ನಲ್ಲಿ ಕಂಪ್ಯೂಟರ್ ನಡೆಸುವವರು ಎಷ್ಟು ಜನ ಅಂತ ಕೇಳಿದೆ. ಮುಕ್ಕಾಲು ಕೈ ಎದ್ದವು. ಡೇಟಾ ಉಳಿಯಲಿ ಅಂತ ಆ ಕನೆಕ್ಷನ್‌ಗೆ ಮೀಟರ್ಡ್ ಅಂತ ಗುರುತು ಹಾಕಿದ್ದರೆ ವಿಂಡೋಸ್ ಹೆಚ್ಚಿನ ಅಪ್‌ಡೇಟ್‌ಗಳನ್ನು ಇಳಿಸದೆ ತಡೆದು ಇಡುತ್ತದೆ. ತಿಂಗಳುಗಟ್ಟಲೆ. ತಿಂಗಳಿಗೆ ಒಂದು ದಿನವಾದರೂ ಆ ಗುರುತು ತೆಗೆದು, ಇಲ್ಲವೇ ವೈಫೈ ಇರುವ ನೆಂಟರ ಮನೆಗೆ ಲ್ಯಾಪ್‌ಟಾಪ್ ತಗೊಂಡು ಹೋಗಿ ಅಪ್‌ಡೇಟ್ ಮಾಡಿಸಿ. ಮೈಕ್ರೋಸಾಫ್ಟ್ ತನ್ನ ದೊಡ್ಡ ತೇಪೆಗಳನ್ನು ತಿಂಗಳ ಎರಡನೇ ಮಂಗಳವಾರ ಬಿಡುತ್ತದೆ. ನಮಗೆ ಬುಧವಾರ ಅನ್ನಿ. ಆ ವಾರದ ಯಾವುದಾದರೂ ಒಂದು ಬೆಳಿಗ್ಗೆ, ಕರೆಂಟ್ ಗಟ್ಟಿ ಇರುವ ಹೊತ್ತಿಗೆ ಹಚ್ಚಿ ಬಿಡಿ. ಆಮೇಲೆ ರೀಸ್ಟಾರ್ಟ್. ಬರೀ ಶಟ್‌ಡೌನ್ ಮಾಡಿದರೆ ವಿಂಡೋಸ್ ಎಷ್ಟೋ ಸಲ ಪೂರ್ತಿ ಮಲಗುವುದಿಲ್ಲ, ಬೇಗ ಏಳಬೇಕು ಅಂತ ಅರ್ಧ ಎಚ್ಚರ ಇರುತ್ತದೆ. ರೀಸ್ಟಾರ್ಟ್‌ನಲ್ಲೇ ಕೆಲಸ ಮುಗಿಯುವುದು.

ಬೇರೆ ಸಾಫ್ಟ್‌ವೇರ್ ಕೂಡ ಮರೆಯಬೇಡಿ. ಕ್ರೋಮ್ ತಾನೇ ಅಪ್‌ಡೇಟ್ ಇಳಿಸಿಕೊಳ್ಳುತ್ತದೆ, ಆದರೆ ಮುಚ್ಚಿ ತೆರೆದಾಗಲೇ ಅದು ಜಾರಿ ಆಗುವುದು. ಕ್ರೋಮ್ ಮುಚ್ಚದೇ ವಾರಗಟ್ಟಲೆ ನಲವತ್ತು ಟ್ಯಾಬ್ ಇಟ್ಟುಕೊಳ್ಳುವವರು ಇದ್ದಾರೆ, ಹೆಸರು ಹೇಳುವುದಿಲ್ಲ, ಮನೆಯಲ್ಲೇ ಇದ್ದಾರೆ. ವಿನ್‌ರಾರ್ ಇನ್ನೊಂದು, ಫೈಲ್ ಒತ್ತಿ ಚಿಕ್ಕದು ಮಾಡುವುದಕ್ಕೆ, ಬಿಚ್ಚುವುದಕ್ಕೆ ಬಳಸುವುದು. ಡಿಟಿಪಿ ಅಂಗಡಿಗಳಲ್ಲಿ ಹತ್ತು ವರ್ಷದ ಹಳೇ ವಿನ್‌ರಾರ್ ಇರುತ್ತದೆ. ಅದು ತಾನಾಗಿ ಅಪ್‌ಡೇಟ್ ಆಗುವುದೇ ಇಲ್ಲ. 2023ರಲ್ಲಿ ಅದರಲ್ಲಿ ಒಂದು ಕೆಟ್ಟ ತೂತು ಸಿಕ್ಕಿತ್ತು, ಕಳ್ಳರು ಬಳಸಿಕೊಂಡೂ ಇದ್ದರು. 6.23ನೇ ಆವೃತ್ತಿಯಲ್ಲಿ ಮುಚ್ಚಿದರು. ನಿಮ್ಮದು ಅದಕ್ಕಿಂತ ಹಳೆಯದಿದ್ದರೆ ಇವತ್ತೇ ಬದಲಿಸಿ.

ಹೊತ್ತಿಗೆ ಸರಿಯಾಗಿ ಒಗ್ಗರಣಿ, ಮಿರ್ಚಿ ಬಂತು. ಕರೆಂಟೂ ಬಂತು. ಸ್ಲೈಡ್ ಯಾರಿಗೂ ಬೇಕಿರಲಿಲ್ಲ, ಪ್ರಶ್ನೆಗಳು ಶುರುವಾದವು.

ಒಬ್ಬ ಅಕ್ಕನವರು, ಹಿಂದೆ ಆಫೀಸಿನಲ್ಲಿ ಕೆಲಸ ಮಾಡಿದವರು, ಹೇಳಿದರು. ಕಂಪ್ಯೂಟರ್‌ನಲ್ಲಿ ಅಡುಗೆ ವಿಡಿಯೋ ಹುಡುಕುವಾಗ ಪೂರ್ತಿ ಪರದೆ ಕೆಂಪಾಗಿ, ಸೈರನ್ ಥರ ಸದ್ದು ಬಂದು, ನಿಮ್ಮ ಕಂಪ್ಯೂಟರ್‌ನಲ್ಲಿ ವೈರಸ್ ಇದೆ, ಈ ನಂಬರ್‌ಗೆ ಫೋನ್ ಮಾಡಿ ಅಂತ ಬಂತಂತೆ. ಅವರು ಗಾಬರಿಯಾಗಿ ಪ್ಲಗ್ ಕಿತ್ತರಂತೆ. "ತಪ್ಪು ಮಾಡಿದ್ನೇನ್ರಿ?" ಅಂದರು. ಇಲ್ಲ ಅಕ್ಕಾರೆ, ಅದೇ ಸರಿ. ಅದು ಬರೀ ಒಂದು ವೆಬ್ ಪೇಜ್. ಆಲ್ಟ್ ಮತ್ತು ಎಫ್4 ಒತ್ತಿ ಬ್ರೌಸರ್ ಮುಚ್ಚಿದರೆ ಹೋಗುತ್ತದೆ. ವೈರಸ್ ಸಿಕ್ಕಿದಾಗ ಡಿಫೆಂಡರ್ ಮೂಲೆಯಲ್ಲಿ ಚಿಕ್ಕದಾಗಿ ಹೇಳುತ್ತದೆ, ಸೈರನ್ ಹೊಡೆಯುವುದಿಲ್ಲ, ಯಾವ ನಂಬರಿಗೂ ಫೋನ್ ಮಾಡಿ ಅನ್ನುವುದಿಲ್ಲ. ಆ ನಂಬರಿಗೆ ಫೋನ್ ಮಾಡಿದ್ದರೆ, ರಿಪೇರಿ ಮಾಡುತ್ತೇವೆ ಅಂತ ಹೇಳಿ ಕಂಪ್ಯೂಟರ್ ಕೈಗೆ ತಗೊಂಡು ಬ್ಯಾಂಕ್ ಖಾತೆಗೆ ಕೈ ಹಾಕುತ್ತಿದ್ದರು. ದುಡ್ಡು ಹೋಗಿಬಿಟ್ಟಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು, ಬೇಗ ಮಾಡಿದಷ್ಟೂ ದುಡ್ಡು ತಡೆಯುವ ಅವಕಾಶ ಜಾಸ್ತಿ.

ಪೆನ್‌ಡ್ರೈವ್ ಝೆರಾಕ್ಸ್ ಅಂಗಡಿಗೆ ಹೋಗಿ ಬಂದ ಮೇಲೆ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿವೆ ಅಂತ ಒಬ್ಬರು. ಫೈಲ್ ಹೋಗಿರುವುದಿಲ್ಲ, ಅಡಗಿಸಿ ಇಟ್ಟಿರುತ್ತದೆ. ಶಾರ್ಟ್‌ಕಟ್ ಮೇಲೆ ಒತ್ತಬೇಡಿ, ಒತ್ತಿದರೆ ನಿಮ್ಮ ಕಂಪ್ಯೂಟರ್‌ಗೂ ಬರುತ್ತದೆ. ಮೊದಲು ಸ್ಕ್ಯಾನ್, ಆಮೇಲೆ ಹಿಡನ್ ಫೈಲ್ ತೋರಿಸುವ ಸೆಟ್ಟಿಂಗ್. ಪ್ರಿಂಟ್‌ಗೆ ಅಂತಲೇ ಒಂದು ಬೇರೆ ಪೆನ್‌ಡ್ರೈವ್ ಇಟ್ಟುಕೊಳ್ಳಿ, ಅದರಲ್ಲಿ ಬೇರೇನೂ ಇರಬಾರದು. ಕಂಪ್ಯೂಟರ್‌ಗೆ ಏನೋ ಹತ್ತಿದೆ ಅಂತ ಅನುಮಾನ ಇದ್ದರೆ ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರ ಅಂತ ಇದೆ, 2017ರಿಂದ. ತೊಳೆಯುವ ಟೂಲ್‌ಗಳನ್ನು ಪುಕ್ಕಟೆ ಕೊಡುತ್ತಾರೆ.

ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದ, ಕಾಲೇಜಿನವನು. "ಸರ್, ಅಪ್‌ಡೇಟ್ ಮಾಡಿ ಅಂತೀರಿ, 2024ರಲ್ಲಿ ಅಪ್‌ಡೇಟ್‌ನಿಂದಲೇ ಅಲ್ವಾ ಎಲ್ಲ ನಿಂತದ್ದು?" ಒಳ್ಳೇ ಪ್ರಶ್ನೆ. ನಾನು ಆ ಪ್ರಶ್ನೆ ಬರದೇ ಇರಲಿ ಅಂದುಕೊಂಡಿದ್ದೆ. ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಅನ್ನುವ ಸೆಕ್ಯುರಿಟಿ ಕಂಪನಿ ಕಳಿಸಿದ ಒಂದು ಕೆಟ್ಟ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ಕೂತವು. ವಿಮಾನಕ್ಕೆ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದು ಕೊಟ್ಟರು. ಅದು ದೊಡ್ಡ ಸಂಸ್ಥೆಗಳು ಬಳಸುವ ಸಾಫ್ಟ್‌ವೇರ್, ಮನೆ ಕಂಪ್ಯೂಟರ್‌ನಲ್ಲಿ ಇರುವುದಿಲ್ಲ. ಆದರೂ ಅವನ ಮಾತು ಸರಿ, ಅಪ್‌ಡೇಟ್ ಕೂಡ ಕೈ ಕೊಡುತ್ತದೆ. ಒಮ್ಮೊಮ್ಮೆ ವಿಂಡೋಸ್ ಅಪ್‌ಡೇಟ್ ಆದ ಮೇಲೆ ಪ್ರಿಂಟರ್ ಮಾತು ಕೇಳುವುದಿಲ್ಲ, ನಾನೇ ಬೈದುಕೊಂಡಿದ್ದೇನೆ. ಅವನಿಗೆ ಹೇಳಿದ್ದು ಇಷ್ಟೇ. ಆ ಕಂಪ್ಯೂಟರ್‌ಗಳು ಆಮೇಲೆ ಎದ್ದವು, ಫೈಲ್ ಎಲ್ಲ ಹಾಗೇ ಇದ್ದವು. ಗೆಳೆಯನ ಮದುವೆ ಕಾರ್ಡ್‌ಗಳು ಏಳಲಿಲ್ಲ. ಏನೇ ಆದರೂ ಫೋಟೊ, ಕಾಗದಪತ್ರಗಳ ಒಂದು ಕಾಪಿ ಬೇರೆ ಹಾರ್ಡ್‌ಡಿಸ್ಕ್‌ನಲ್ಲಿ ಇರಲಿ, ಕಾಪಿ ಮಾಡಿದ ಮೇಲೆ ಅದನ್ನು ಕಂಪ್ಯೂಟರ್‌ನಿಂದ ಬಿಚ್ಚಿ ಬೀರುವಿನಲ್ಲಿ ಇಡಿ. ಚುಚ್ಚಿಯೇ ಇಟ್ಟರೆ ರ‍್ಯಾನ್ಸಮ್‌ವೇರ್ ಅದನ್ನೂ ಲಾಕ್ ಮಾಡುತ್ತದೆ.

ಮೊಬೈಲ್ ಬಗ್ಗೆಯೂ ಕೇಳಿದರು. ವಾಟ್ಸಾಪ್‌ನಲ್ಲಿ ಮದುವೆ ಆಮಂತ್ರಣ ಅಂತ ಎಪಿಕೆ ಫೈಲ್, ಅಂದರೆ ಆಪ್ ಹಾಕುವ ಫೈಲ್, ಬಂದರೆ ಒತ್ತಬೇಡಿ, ಆಮಂತ್ರಣ ಫೋಟೊ ಆಗಿರುತ್ತದೆ ಇಲ್ಲವೇ ಪಿಡಿಎಫ್, ಆಪ್ ಆಗಿರುವುದಿಲ್ಲ. ಉಳಿದದ್ದು ಇನ್ನೊಂದು ಭಾನುವಾರಕ್ಕೆ ಅಂದೆ.

ಹೊರಡುವಾಗ ಬಾಗಿಲಲ್ಲಿ ಇಬ್ಬರು ತಡೆದರು. ತಮ್ಮ ಕಂಪ್ಯೂಟರ್‌ನಲ್ಲೂ ತಾರೀಖು ಹಿಂದಕ್ಕೆ ಹೋಗುತ್ತದೆ ಅಂತ, ಇಷ್ಟು ದಿನ ಅದು ಹಾಗೇ ಇರುತ್ತದೆ ಅಂದುಕೊಂಡಿದ್ದರಂತೆ. ಜೇಬಿನಲ್ಲಿ ಎರಡು ಸೆಲ್ ಇದ್ದವು, ಕೊಟ್ಟೆ. ಅಷ್ಟರಲ್ಲಿ ಹಿಂದಿನಿಂದ ಮೂರನೆಯವರು ಕೈ ಚಾಚಿದರು. ಅವರಿಗೆ ಸಿಆರ್ 2032 ಅಂತ ಕರಪತ್ರದ ಹಿಂದೆ ಬರೆದುಕೊಟ್ಟು, ಹೊಸ ಸೆಲ್ ಹಾಕುವ ಮೊದಲು ಪ್ಲಗ್ ತೆಗೆಯಿರಿ, ಬರಹ ಇರುವ ಕಡೆ ಮೇಲೆ ಬರಬೇಕು ಅಂತ ಹೇಳಿದೆ.